ಸ್ಕ್ರೂ ಅಕ್ಕನ ಎಡಗೈ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಮುರಿದ ಮಂಚಗಳನ್ನು ಪೇರಿಸಿಟ್ಟ ಕೋಣೆಗೂ ನಡುವೆ, ಉಪಕರಣ ರಿಪೇರಿಯ ಕೋಣೆ ಇತ್ತು. ಅಲ್ಲಿ ಹನ್ನೆರಡು ವರ್ಷದಿಂದ ಒಬ್ಬಳೇ ಕೂತು ಕೆಲಸ ಮಾಡುತ್ತಿದ್ದವಳನ್ನು ಮೇಲಿನ ಐದು ಮಹಡಿಯವರೂ ಸ್ಕ್ರೂ ಅಕ್ಕ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರ. ಎದುರಿಗೆ ಬಂದಾಗ ಎಲ್ಲರ ಬಾಯಲ್ಲೂ 'ಮೇಡಂ'.

ಸ್ಕ್ರೂ ಅಕ್ಕನ ಪ್ರಕಾರ ಆ ಕಟ್ಟಡದಲ್ಲಿ ಎರಡು ಬಗೆಯ ಜನರಿದ್ದರು: ಮಿಷನ್ ಕೆಡಿಸುವವರು ಮತ್ತು ಕೆಡಿಸಿಲ್ಲ ಎಂದು ಆಣೆ ಮಾಡುವವರು. ಡಾಕ್ಟರುಗಳಿಗೆ ಗುಂಡಿ ಒತ್ತಲು ಬರುವುದಿಲ್ಲ, ನರ್ಸುಗಳಿಗೆ ವೈರು ಸುತ್ತಲು ಬರುವುದಿಲ್ಲ, ಎಸಿ ಮೆಕ್ಯಾನಿಕ್ಕಿಗೆ ಎಸಿಯ ವಿಷಯ ಬಿಟ್ಟು ಬೇರೆಲ್ಲ ಬರುತ್ತದೆ. ಇದನ್ನು ಅವಳು ಮನಸ್ಸಿನಲ್ಲಿಟ್ಟುಕೊಳ್ಳುವ ಪೈಕಿಯವಳಲ್ಲ. ರಿಪೇರಿಯಾದ ಮಿಷನ್ನಿನ ಜೊತೆ ಒಂದು ಚೀಟಿಯೂ ಮೇಲೆ ಹೋಗುತ್ತಿತ್ತು. "ಪ್ಲಗ್ ಹಾಕಿದರೆ ಮಿಷನ್ ಓಡುತ್ತದೆ. ಪ್ರಯತ್ನಿಸಿ ನೋಡಿ." ಅಥವಾ, "ಇದರೊಳಗೆ ಚಹಾ ಸುರಿಯಬೇಕೆಂದು ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ."

ಆ ವರ್ಷ ಅವಳ ತಿರಸ್ಕಾರಕ್ಕೆ ಗುರಿಯಾದದ್ದು ಬಿಪಿ ಮಿಷನ್ನುಗಳು. ಯಾವುದನ್ನು ತಂದು ಪರೀಕ್ಷಿಸಿದರೂ ಸರಿಯಾಗಿ ಓದುತ್ತಿರಲಿಲ್ಲ. ಹಾಗೆ ಪರೀಕ್ಷಿಸಲು ಒಂದು ಪುಟ್ಟ ಉಪಕರಣವಿತ್ತು. ಅದು ಎರಡು ವರ್ಷದ ಹಿಂದೆ ಸತ್ತಿತ್ತು. ಹೊಸದಕ್ಕೆ ಬರೆದ ಅರ್ಜಿ ಯಾರದೋ ಮೇಜಿನ ಮೇಲೆ ಸುಖವಾಗಿ ಮಲಗಿತ್ತು. ಹಾಗಾಗಿ ಅವಳು ತನ್ನದೇ ತೋಳಿಗೆ ಪಟ್ಟಿ ಸುತ್ತಿ ನೋಡುತ್ತಿದ್ದಳು. ಬಲಗೈಗೆ ಸ್ಕ್ರೂಡ್ರೈವರು, ಪೆನ್ನು ಬೇಕು, ಎಡಗೈ ಬಿಡುವಾಗಿರುತ್ತಿತ್ತು. ಮೊದಮೊದಲು ಮಿಷನ್ನುಗಳು ತೊಂಬತ್ತು, ಎಂಬತ್ತು ಎಂದು ನಂಬಲಾಗದಷ್ಟು ಕಡಿಮೆ ಅಂಕಿ ತೋರಿಸಿದವು. ಆಮೇಲೆ ಗಾಳಿ ತುಂಬಿ, ಬಿಟ್ಟು, ಮತ್ತೆ ತುಂಬಿ, ಕೊನೆಗೆ 'ಎರರ್' ಎಂದು ಕೈಚೆಲ್ಲತೊಡಗಿದವು. ಹಳೇ ಕಾಲದ ಮುಳ್ಳಿನ ಮಿಷನ್ ತೆಗೆದು ಸ್ಟೆತಾಸ್ಕೋಪ್ ಕಿವಿಗಿಟ್ಟು ನೋಡಿದಳು. ಒಂದು ಸದ್ದೂ ಕೇಳಲಿಲ್ಲ. ಸ್ಟೆತಾಸ್ಕೋಪನ್ನೂ ಕೆಟ್ಟವುಗಳ ಡಬ್ಬಕ್ಕೆ ಎಸೆದಳು.

"ಹೊಸ ಕಂಪನಿಯವನು ಕಸ ತಂದು ಸುರಿದಿದ್ದಾನೆ," ಎಂದು ಮೇಲಧಿಕಾರಿಗೆ ಬರೆದಳು. ಒಂದೊಂದೇ ಮಿಷನ್ನಿನ ಮೇಲೆ ಕೆಂಪು ಮಸಿಯಲ್ಲಿ 'ರದ್ದು' ಎಂದು ಬರೆದ ಚೀಟಿ ಅಂಟಿಸಿದಳು. ಎಂಟು ತಿಂಗಳಲ್ಲಿ ಹದಿನೇಳು ಮಿಷನ್ನುಗಳು ರದ್ದಾದವು.

ಅದೇ ಹೊತ್ತಿಗೆ ಅವಳ ಮೈಯೂ ತಕರಾರು ತೆಗೆದಿತ್ತು. ಸಂಜೆಯಾದರೆ ಸಣ್ಣಗೆ ಜ್ವರ. ಕತ್ತಿನ ಎಡಭಾಗ ಮುಟ್ಟಿದರೆ ನೋವು. ಎತ್ತರದ ಶೆಲ್ಫಿನಿಂದ ಏನಾದರೂ ತೆಗೆಯಲು ಎಡಗೈ ಎತ್ತಿದರೆ ಅರ್ಧ ನಿಮಿಷಕ್ಕೆ ತೋಳು ಸೀಸದ ಹಾಗೆ ಭಾರ. ಮೇಲೆ ನೋಡಿದರೆ ತಲೆ ಗಿರ್ರೆನ್ನುತ್ತಿತ್ತು. ಎಂಟು ಕಿಲೋ ಇಳಿದು ಮೊಣಕೈ ಮೂಳೆ ಚೂಪಾಗಿ ಕಾಣುತ್ತಿತ್ತು.

ಮನೆಯಲ್ಲಿ ಅತ್ತೆಗೆ ಇದೆಲ್ಲ ನಾಟಕದಂತೆ ಕಾಣುತ್ತಿತ್ತು. ಅತ್ತೆಯದು ಸೊಸೆಯದಕ್ಕಿಂತ ಒಂದು ಕೈ ಮೇಲಾದ ನಾಲಿಗೆ. "ಒಣಗಿದ ಬಟ್ಟೆ ಎತ್ತಿಡೋಕೆ ಮೂರು ಸಲ ಕೂರ್ತೀಯ. ನಿನ್ನ ವಯಸ್ಸಲ್ಲಿ ನಾನು ಬೀರು ಎತ್ತಿ ಆ ಕಡೆಯಿಂದ ಈ ಕಡೆ ಇಡ್ತಿದ್ದೆ."

"ಅದಕ್ಕೇ ಬೀರುವಿನ ಕಾಲು ಮುರಿದಿರೋದು," ಎನ್ನುತ್ತಿದ್ದಳು ಸೊಸೆ.

ಗಂಡ ನಗರದ ಬಸ್ಸು ಓಡಿಸುವವನು. ದಿನವಿಡೀ ಹಾರ್ನು ಕೇಳಿ ಬರುವವನಿಗೆ ಮನೆಯ ಈ ಸದ್ದು ಜೋಗುಳ. ಆದರೆ ಒಂದು ರಾತ್ರಿ ಊಟಕ್ಕೆ ಕೂತಾಗ ಅವಳ ತಟ್ಟೆ ನೋಡಿ, "ನೀನು ಊಟ ಮಾಡ್ತಿಲ್ಲ, ಊಟಕ್ಕೆ ಹಾಜರಿ ಹಾಕ್ತಿದ್ದೀಯ. ಆಸ್ಪತ್ರೇಲೇ ಕೆಲಸ ಮಾಡ್ತೀಯ, ಒಬ್ಬ ಡಾಕ್ಟರಿಗೆ ತೋರಿಸಬಾರದಾ?" ಎಂದ.

ತೋರಿಸಿಯಾಗಿತ್ತು. ಎರಡನೇ ಮಹಡಿಯಲ್ಲಿ ದೊಡ್ಡ ಫಿಸಿಶಿಯನ್ ಒಬ್ಬರಿದ್ದರು. ಬೇಸಿಗೆ ಚಳಿಗಾಲ ಎನ್ನದೆ ಕುತ್ತಿಗೆಗೆ ಟೈ ಬಿಗಿದಿರುತ್ತಿದ್ದ ಅವರನ್ನು ಎಲ್ಲರೂ ಟೈ ಡಾಕ್ಟರು ಎನ್ನುತ್ತಿದ್ದರು. ಸ್ಕ್ರೂ ಅಕ್ಕ ನಾಲ್ಕು ಸಲ ಅವರ ಕೋಣೆಗೆ ಹೋಗಿದ್ದಳು. ಮೊದಲ ಸಲ ರಕ್ತ ಕಡಿಮೆ ಎಂದರು. ಎರಡನೇ ಸಲ ಕತ್ತಿನ ಮೂಳೆ ಸವೆದಿದೆಯೆಂದು ಮೂಳೆ ಡಾಕ್ಟರ ಹತ್ತಿರ ಅಟ್ಟಿದರು. ಅವರು ಕತ್ತಿಗೊಂದು ಪಟ್ಟಿ ತೊಡಿಸಿ ಕಳಿಸಿದರು. ಮೂರನೇ ಸಲ ಟೈ ಡಾಕ್ಟರು ಫೋನಿನಿಂದ ಕಣ್ಣೆತ್ತದೆ, "ಮನೇಲಿ ಏನಾದ್ರೂ ತಾಪತ್ರಯಾನಾ?" ಎಂದು ಕೇಳಿದರು.

"ಅತ್ತೆ ಇದ್ದಾರೆ," ಎಂದಳು ಅವಳು ತಮಾಷೆಗೆ.

"ಅದೇ ಅನ್ಕೊಂಡೆ," ಎಂದವರೇ ಅವಳ ಚಿಕಿತ್ಸಾ ಪುಸ್ತಕದಲ್ಲಿ 'ಟೆನ್ಷನ್' ಎಂದು ಬರೆದು ನಿದ್ದೆ ಮಾತ್ರೆ ಕೊಟ್ಟರು. ನಾಲ್ಕನೇ ಸಲ ಅದೇ ಮಾತ್ರೆಯನ್ನು ಎರಡು ಮಾಡಿದರು. ಆ ನಾಲ್ಕು ಸಲದಲ್ಲಿ ಒಮ್ಮೆಯೂ ಅವರ ಬೆರಳು ಅವಳ ಮಣಿಕಟ್ಟನ್ನು ಮುಟ್ಟಿರಲಿಲ್ಲ. ಬಿಪಿ ನೋಡುವ ಹುಡುಗಿ ಎರಡು ಸಲ ಪಟ್ಟಿ ಸುತ್ತಿ, ಮಿಷನ್ ಓದದಿದ್ದಾಗ, "ಇದೂ ಕೆಟ್ಟಿದೆ ಮೇಡಂ, ನಿಮಗೇ ಕಳಿಸ್ತೀನಿ," ಎಂದು ನಕ್ಕಿದ್ದಳು. ಪುಸ್ತಕದಲ್ಲಿ ಮಾತ್ರ ನಾಲ್ಕು ಸಲವೂ 'ನೂರಿಪ್ಪತ್ತು, ಎಂಬತ್ತು' ಎಂದು ಬರೆದಿತ್ತು. ಆ ಅಂಕಿ ಹಾಕಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ನೆಲಮಾಳಿಗೆಗೆ ದೊಡ್ಡ ಸಿಸ್ಟರ್ ಇಳಿದು ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಮೂರನೇ ಮಹಡಿಯ ವಾರ್ಡಿನ ಮುಖ್ಯ ನರ್ಸ್ ಆಕೆ. ಮಂಡಿನೋವಿನಿಂದಾಗಿ ಮೆಟ್ಟಿಲಿಳಿಯುವುದೇ ಅಪರೂಪ. ಅಂದು ಇಳಿದಿದ್ದರು, ಕಂಕುಳಲ್ಲಿ ಎರಡು, ಕೈಯಲ್ಲಿ ಎರಡು ಬಿಪಿ ಮಿಷನ್ ಹೊತ್ತು. ನಾಲ್ಕರ ಮೇಲೂ ಕೆಂಪು 'ರದ್ದು'.

"ನನ್ನ ವಾರ್ಡಿನಲ್ಲಿ ನಲವತ್ತು ರೋಗಿಗಳು, ಒಂದು ಮಿಷನ್ನು," ಎಂದು ಅವನ್ನು ಮೇಜಿನ ಮೇಲೆ ಇಟ್ಟರು, ಇಟ್ಟರು ಎನ್ನುವುದಕ್ಕಿಂತ ಕುಕ್ಕಿದರು. "ಸ್ಟೋರಿಗೆ ಹೋಗಿ ಈ ನಾಲ್ಕನ್ನ ಎತ್ಕೊಂಡು ಬಂದು ನಿನ್ನೆಯೆಲ್ಲ ಉಪಯೋಗಿಸಿದೀನಿ. ಗಡಿಯಾರದ ಹಾಗೆ ನಡೀತಿವೆ. ನಿನಗೇನು, ಕೆಂಪು ಮಸಿ ಮುಗಿಸೋ ಹರಕೆ ಇದೆಯಾ?"

"ನೀವು ಯಾವ ಅಂಕಿ ಬಂದ್ರೂ ಬರ್ಕೊಳ್ಳೋರು. ನಿಮಗೆ ನಡೆಯೋದೂ ಒಂದೇ, ನಡೆಯದೇ ಇರೋದೂ ಒಂದೇ."

"ಹಾಗಾದ್ರೆ ತೋರಿಸು ನೋಡೋಣ, ಹೇಗೆ ಕೆಟ್ಟಿದೆ ಅಂತ."

ಸ್ಕ್ರೂ ಅಕ್ಕ ಎಡತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ಮಿಷನ್ ಉಸಿರು ತುಂಬಿಕೊಂಡಿತು, ಬಿಟ್ಟಿತು, ಮತ್ತೆ ತುಂಬಿಕೊಂಡಿತು. ಎರರ್. ಮುಖದ ಮೇಲೆ ಗೆದ್ದ ನಗು ತಂದುಕೊಂಡು ಮಿಷನ್ನನ್ನು ಸಿಸ್ಟರ್ ಕಡೆ ತಿರುಗಿಸಿದಳು. ಸಿಸ್ಟರ್ ಪಟ್ಟಿ ಬಿಚ್ಚಿ ತಮ್ಮ ತೋಳಿಗೆ ಸುತ್ತಿಕೊಂಡರು. ನೂರ ಇಪ್ಪತ್ತಾರು, ಎಂಬತ್ತೆರಡು. ಮತ್ತೊಂದು ಮಿಷನ್. ನೂರ ಇಪ್ಪತ್ತೆಂಟು, ಎಂಬತ್ತೆರಡು.

"ಕಾಕತಾಳೀಯ," ಎಂದಳು ಸ್ಕ್ರೂ ಅಕ್ಕ. ಆದರೆ ದನಿಯಲ್ಲಿ ಮೊದಲಿನ ಖಾರವಿರಲಿಲ್ಲ.

"ಬಲಗೈ ಕೊಡು."

ಬಲಗೈ ನೂರ ಎಪ್ಪತ್ತನಾಲ್ಕು, ನೂರೆರಡು ತೋರಿಸಿತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಪಕ್ಕದ ಕೋಣೆಯಲ್ಲಿ ಬಟ್ಟೆ ಒಗೆಯುವ ಮಿಷನ್ ಗಡಗಡ ತಿರುಗುತ್ತಿತ್ತು. ಸಿಸ್ಟರ್ ಅವಳ ಎಡ ಮಣಿಕಟ್ಟು ಹಿಡಿದು ಮೂರು ಬೆರಳಿಟ್ಟರು. ಬೆರಳು ಸರಿಸಿದರು. ಒತ್ತಿದರು, ಸಡಿಲಿಸಿದರು. ಬಲಗೈಯದನ್ನು ಹಿಡಿದರು, ಮತ್ತೆ ಎಡಕ್ಕೆ ಬಂದರು. ಮೂವತ್ತು ವರ್ಷದಿಂದ ದಿನಕ್ಕೆ ನೂರು ನಾಡಿ ಹಿಡಿದ ಬೆರಳುಗಳವು.

"ನಿನಗೆ ಈ ಕೈಯಲ್ಲಿ ನಾಡಿನೇ ಇಲ್ಲ ಕಣೇ," ಎಂದರು ಮೆಲ್ಲಗೆ.

"ನಿಮ್ಮ ಬೆರಳೇ ಕೆಟ್ಟಿದೆ. ಇಲ್ಲಿ ಬಿಟ್ಟು ಹೋಗಿ, ರಿಪೇರಿ ಮಾಡಿ ಕೊಡ್ತೀನಿ."

"ಬಾಯಿ ಮುಚ್ಚು. ನಡಿ ಮೇಲೆ."

ಅವಳು ಬಾಯಿ ಮುಚ್ಚಿದಳು. ಹನ್ನೆರಡು ವರ್ಷದಲ್ಲಿ ಯಾರ ಮಾತಿಗೂ ಹಾಗೆ ಮುಚ್ಚಿದ್ದು ಅವಳಿಗೆ ನೆನಪಿರಲಿಲ್ಲ. ಮೆಟ್ಟಿಲು ಹತ್ತುವಾಗ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಿದ್ದಳು, ಎಲ್ಲಾದರೂ ಕಳಚಿ ಬೀಳುವ ಸಾಮಾನಿನ ಹಾಗೆ.

ಟೈ ಡಾಕ್ಟರು ಸಿಸ್ಟರ್ ಹೇಳಿದ್ದನ್ನೆಲ್ಲ ಕೇಳಿ ಕುರ್ಚಿಗೆ ಒರಗಿದರು. "ತೋಳು ತೆಳ್ಳಗಿದೆ, ಪಟ್ಟಿ ದೊಡ್ಡದು. ಓದಲ್ಲ. ಇದಕ್ಕೆ ಇಷ್ಟು ಗಲಾಟೆಯಾ?"

"ಬಲತೋಳೂ ಅಷ್ಟೇ ತೆಳ್ಳಗಿದೆ ಸರ್, ಅಲ್ಲಿ ನೂರ ಎಪ್ಪತ್ನಾಲ್ಕು," ಎಂದರು ಸಿಸ್ಟರ್.

"ಹೆದರಿದ್ದಾರೆ, ಏರಿದೆ. ಸಿಸ್ಟರ್, ನೀವು ವಾರ್ಡು ನೋಡ್ಕೊಳ್ಳಿ, ಇವರು ಮಿಷನ್ ನೋಡ್ಕೊಳ್ಳಲಿ, ರೋಗ ನನಗೆ ಬಿಡಿ." ಅಂದವರು ಅಂದೂ ಮಣಿಕಟ್ಟು ಮುಟ್ಟಲಿಲ್ಲ. ಬಾಗಿಲ ಹೊರಗೆ ಬಂದು ಸಿಸ್ಟರ್ ಹೇಳಿದರು: "ಈ ಮನುಷ್ಯನಿಗೆ ಟೈ ಸ್ವಲ್ಪ ಬಿಗಿಯಾಗಿದೆ. ಮೇಲಕ್ಕೆ ರಕ್ತ ಹೋಗ್ತಿಲ್ಲ. ನಾಳೆ ಗುರುವಾರ ಅಲ್ವಾ? ಬೆಳಿಗ್ಗೆ ಒಂಬತ್ತಕ್ಕೆ ನನ್ನ ಹತ್ತಿರ ಬಾ."

ಗುರುವಾರದಂದು ಮಾತ್ರ ಬರುವ ಒಬ್ಬ ಡಾಕ್ಟರಮ್ಮ ಇದ್ದರು. ಕೀಲುನೋವು, ಮೈಯೇ ಮೈಮೇಲೆ ತಿರುಗಿಬೀಳುವ ಕಾಯಿಲೆಗಳು ಅವರ ವಿಭಾಗ. ಆಸ್ಪತ್ರೆ ಅವರಿಗೆ ಕೊಟ್ಟದ್ದು ಕಾರಿಡಾರಿನ ತುದಿಯಲ್ಲಿ, ಕಿಟಕಿಯಿಲ್ಲದ, ಹಿಂದೆ ಪೊರಕೆ ಇಡುತ್ತಿದ್ದ ಕೋಣೆ. ಕುಳ್ಳಗಿನ ಆಕೆ ಸುಸ್ತಾದವರ ಹಾಗೆ ಕಂಡರೂ ಅವಸರ ಮಾಡಲಿಲ್ಲ. ಎರಡೂ ಮಣಿಕಟ್ಟು, ಎರಡೂ ಮೊಣಕೈ, ಕತ್ತಿನ ಎರಡೂ ಬದಿ, ತೊಡೆಸಂದು, ಪಾದ, ಎಲ್ಲ ಕಡೆ ನಾಡಿ ಹಿಡಿದು ನೋಡಿದರು. ನಾಲ್ಕೂ ಕೈಕಾಲಿನ ಬಿಪಿ ತೆಗೆದರು. ಆಮೇಲೆ ಸ್ಟೆತಾಸ್ಕೋಪನ್ನು ಎಡ ಕೊರಳೆಲುಬಿನ ಮೇಲಿಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಕಿವಿಯಿಂದ ತೆಗೆದು ಅವಳ ಕಿವಿಗೇ ಸಿಕ್ಕಿಸಿದರು.

"ಕೇಳಿಸ್ತಿದೆಯಾ?"

ಸುಯ್, ಸುಯ್, ಸುಯ್. ಸ್ಕ್ರೂ ಅಕ್ಕನಿಗೆ ಆ ಸದ್ದು ಗೊತ್ತು. ಆಮ್ಲಜನಕದ ಕೊಳವೆ ಎಲ್ಲೋ ಮಡಿಚಿ ಕಿರಿದಾದಾಗ ಬರುವ ಸದ್ದು.

"ಎಲ್ಲೋ ಕಟ್ಟಿಕೊಂಡಿದೆ," ಎಂದಳು.

"ಕಟ್ಟಿಕೊಂಡಿಲ್ಲ. ಗೋಡೆ ಊದಿಕೊಂಡಿದೆ. ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ, ಅದರ ಕವಲುಗಳು, ಅವುಗಳ ಗೋಡೇಲಿ ಉರಿಯೂತ ಇರಬಹುದು. ಗೋಡೆ ದಪ್ಪ ಆದಷ್ಟೂ ಒಳಗಿನ ದಾರಿ ಸಣ್ಣ ಆಗುತ್ತೆ. ರಕ್ತ ಪರೀಕ್ಷೆ, ಸ್ಕ್ಯಾನು ಆಗ್ಲಿ, ಆಮೇಲೆ ಖಚಿತವಾಗಿ ಹೇಳ್ತೀನಿ. ಲಕ್ಷಾಂತರ ಜನರಲ್ಲಿ ಒಬ್ಬಿಬ್ಬರಿಗೆ ಬರೋ ಕಾಯಿಲೆ. ಎಷ್ಟು ದಿನದಿಂದ ಇದೆಲ್ಲ?"

"ಹದಿನಾಲ್ಕು ತಿಂಗಳು."

"ಯಾರಿಗೂ ತೋರಿಸಲಿಲ್ವಾ?"

ಸ್ಕ್ರೂ ಅಕ್ಕ ಚೀಲದಿಂದ ತನ್ನ ಚಿಕಿತ್ಸಾ ಪುಸ್ತಕ ತೆಗೆದು ಮೇಜಿನ ಮೇಲೆ ಸರಿಸಿದಳು. ಡಾಕ್ಟರಮ್ಮ ನಾಲ್ಕು ಪುಟ ತಿರುವಿದರು, ತುಟಿ ಬಿಗಿದರು, ಪುಸ್ತಕ ಮುಚ್ಚಿದರು. ಸಹೋದ್ಯೋಗಿಯ ಬಗ್ಗೆ ಏನೂ ಆಡಲಿಲ್ಲ. ಆದರೆ ಮುಚ್ಚಿದ ರೀತಿ ಸ್ಕ್ರೂ ಅಕ್ಕನಿಗೆ ಹಿಡಿಸಿತು.

ಸ್ಕ್ಯಾನಿನಲ್ಲಿ ಎಲ್ಲ ಬಯಲಾಯಿತು. ಎಡತೋಳಿಗೆ ಹೋಗುವ ನಾಳ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಅಕ್ಕಪಕ್ಕದ ಸಣ್ಣ ನಾಳಗಳು ಹೇಗೋ ಬಳಸು ದಾರಿ ಮಾಡಿಕೊಂಡು ಕೈಯನ್ನು ಬದುಕಿಸಿದ್ದವು. ಕತ್ತಿನ ಎಡನಾಳ ಅರ್ಧ ಕಿರಿದಾಗಿತ್ತು. ಮೂತ್ರಪಿಂಡಕ್ಕೆ ಹೋಗುವ ಒಂದು ನಾಳವೂ ಬಿಗಿದಿತ್ತು. ಬಲಗೈಯ ಬಿಪಿ ಏರಿದ್ದು ಅದರಿಂದ. ಆ ಬಲಗೈಯನ್ನು ಹದಿನಾಲ್ಕು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಸೇರಿ.

"ಹೆಸರೇನು ಇದಕ್ಕೆ?" ಎಂದು ಅತ್ತೆ ಮನೆಯಲ್ಲಿ ಕೇಳಿದಳು.

"ತಕಾಯಾಸು ಅಂತೆ. ಮೊದಲು ಗುರುತು ಹಿಡಿದ ಕಣ್ಣಿನ ಡಾಕ್ಟರ ಹೆಸರು."

ಅತ್ತೆ ಅದನ್ನು ಎರಡು ಸಲ ಬಾಯಲ್ಲಿ ತಿರುಗಿಸಿದಳು. "ಹೆಸರಲ್ಲೇ ಆಯಾಸ ಇದೆಯಲ್ಲೇ! ನಿನ್ನ ಆ ಟೈ ಕಟ್ಟಿಕೊಂಡ ಪಂಡಿತನಿಗೆ ಅಷ್ಟೂ ಹೊಳೀಲಿಲ್ವಾ?" ಎಂದು ಗದರಿ, ಎದ್ದು ಅಡುಗೆಮನೆಗೆ ಹೋಗಿ, ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು. ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ. ಗಂಡ ಹೋಗಿ ನೋಡಿ ಬಂದು, "ಅಳ್ತಿದ್ದಾಳೆ. ನಾನು ಹೇಳಿದ್ದು ಅಂತ ಹೇಳ್ಬೇಡ," ಎಂದು ಪಿಸುಗುಟ್ಟಿದ. ಅಂದಿನಿಂದ ಬಟ್ಟೆ ಎತ್ತಿಡುವ ಕೆಲಸ ಅತ್ತೆ ತೆಗೆದುಕೊಂಡಳು. ಬೈಗುಳ ನಿಲ್ಲಿಸಲಿಲ್ಲ. ಅದು ನಿಂತಿದ್ದರೆ ಸೊಸೆ ನಿಜಕ್ಕೂ ಹೆದರುತ್ತಿದ್ದಳು.

ಚಿಕಿತ್ಸೆ ಸ್ಟೀರಾಯ್ಡಿನಿಂದ ಶುರುವಾಯಿತು. ದಿನಾ ಬೆಳಿಗ್ಗೆ ಹತ್ತು ಪುಟ್ಟ ಬಿಳಿ ಮಾತ್ರೆ. ವಾರಕ್ಕೊಮ್ಮೆ ಬೇರೊಂದು ಮಾತ್ರೆ. ಅದನ್ನು ಬರೆಯುವ ಮುಂಚೆ ಡಾಕ್ಟರಮ್ಮ ಮಕ್ಕಳ ಯೋಚನೆ ಇದೆಯಾ ಎಂದು ಕೇಳಿದರು. ಅವಳು, "ಆ ಯೋಚನೆ ನಮ್ಮನ್ನ ಬಿಟ್ಟು ಬಹಳ ವರ್ಷ ಆಯ್ತು," ಎಂದಳು. ಬಿಪಿಗೆ ಎರಡು ಮಾತ್ರೆ, ಮೂಳೆಗೊಂದು, ಹೊಟ್ಟೆಗೊಂದು. ಹತ್ತು ದಿನದಲ್ಲಿ ಜ್ವರ ಓಡಿಹೋಯಿತು. ಕತ್ತಿನ ನೋವು ಇಳಿಯಿತು. ತಿಂಗಳಲ್ಲಿ ಹಸಿವು ಬಂತು, ಎಂಥ ಹಸಿವೆಂದರೆ ಊಟ ಮುಗಿಸಿ ಕೈ ತೊಳೆಯುವಾಗಲೇ ಮತ್ತೆ ಹಸಿವು. ಮುಖ ಊದಿ ಗುಂಡಗಾಯಿತು, ಕೆನ್ನೆ ಮೇಲೆ ಮೊಡವೆ, ಗಲ್ಲದ ಮೇಲೆ ಕೂದಲು. ರಾತ್ರಿ ಮೂರು ಗಂಟೆಗೇ ನಿದ್ದೆ ಹರಿದು ಹೋಗುತ್ತಿತ್ತು. ಮೊದಲೇ ಚೂಪಾಗಿದ್ದ ನಾಲಿಗೆಗೆ ಸಾಣೆ ಹಿಡಿದಂತಾಯಿತು. ಎಸಿ ಮೆಕ್ಯಾನಿಕ್ ಅವಳ ಕೋಣೆಯ ಬಾಗಿಲಿಗೂ ಬರುವುದನ್ನು ಬಿಟ್ಟ.

ಸಿಸ್ಟರ್ ತಂದಿದ್ದ ನಾಲ್ಕರ ಚೀಟಿ ಕಿತ್ತು, ಸ್ಟೋರಿನಲ್ಲಿ ಉಳಿದ ಹದಿಮೂರು ಮಿಷನ್ನುಗಳ ಚೀಟಿಗಳನ್ನೂ ಅವಳೇ ಹೋಗಿ ಕಿತ್ತಳು. ಸ್ಟೋರಿನ ಗುಮಾಸ್ತ ಕೈಕಟ್ಟಿ ನೋಡುತ್ತ ನಿಂತಿದ್ದ. "ಇದಕ್ಕೆ ಏನು ಕಾರಣ ಅಂತ ಬರ್ಕೊಳ್ಳಲಿ ಮೇಡಂ?" ಎಂದ ವಿನಯದಿಂದ.

"ಪರೀಕ್ಷೆ ಮಾಡಿದವಳು ಕೆಟ್ಟಿದ್ದಳು ಅಂತ ಬರ್ಕೋ."

ಆ ಮಾತಿಗೆ ಅವನು ನಕ್ಕ. ಅವಳಿಗೆ ಮಾತ್ರ ಅದು ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು. ಒಂದು ಮಿಷನ್ ಸುಳ್ಳು ಹೇಳಿದರೆ ಮಿಷನ್ ಕೆಟ್ಟಿದೆ. ಹದಿನೇಳೂ ಒಂದೇ ಮಾತು ಹೇಳಿದರೆ? ಹೊಸದಾಗಿ ಕೆಲಸ ಕಲಿಯುವವನಿಗೂ ಹೊಳೆಯಬೇಕಾದ ಪ್ರಶ್ನೆ. ಊರಿನವರಿಗೆಲ್ಲ ಬುದ್ಧಿ ಹಂಚುವ ತನಗೆ ಹೊಳೆದಿರಲಿಲ್ಲ. ಟೈ ಡಾಕ್ಟರನ್ನು ಬೈದುಕೊಳ್ಳುವಾಗಲೆಲ್ಲ ಈ ವಿಷಯ ಅಡ್ಡ ಬಂದು ಬೈಗುಳದ ರುಚಿ ಕೆಡಿಸುತ್ತಿತ್ತು.

ಅಷ್ಟಾದರೂ ಅವಳಿಗೆ ಬುದ್ಧಿ ಬಂದಿತೆಂದಲ್ಲ. ಮೂರನೇ ತಿಂಗಳು, ಮಾತ್ರೆ ಹತ್ತರಿಂದ ಆರಕ್ಕೆ ಇಳಿದಿತ್ತು. ಕನ್ನಡಿಯಲ್ಲಿ ಕಾಣುವ ಬುಂಡೆ ಮುಖವನ್ನು ಅವಳು ಸಹಿಸಲಾರದೆ ಹೋದಳು. ಜ್ವರವಿಲ್ಲ, ನೋವಿಲ್ಲ, ಮತ್ತೇಕೆ ಈ ವಿಷ? ಅಳತೆ ಮೀರಿದರೆ ಗುಂಡಿ ತಿರುಗಿಸಿ ಇಳಿಸುವುದು ಅವಳ ದಿನನಿತ್ಯದ ಕೆಲಸ. ಒಂದು ಸೋಮವಾರ ತಾನೇ ಆರನ್ನು ಎರಡಕ್ಕೆ ಇಳಿಸಿದಳು. ಡಾಕ್ಟರಮ್ಮನಿಗೆ ಹೇಳಲಿಲ್ಲ. ಗಂಡ ಕೇಳಿದರೆ, "ಅವರೇ ಕಡಿಮೆ ಮಾಡಿದ್ದಾರೆ," ಎಂದಳು.

ಮೂರು ವಾರ ಚೆನ್ನಾಗಿಯೇ ಕಳೆಯಿತು. ನಾಲ್ಕನೇ ವಾರ ಆಪರೇಷನ್ ಕೋಣೆಯ ದೀಪ ಸರಿಮಾಡಲು ಸ್ಟೂಲು ಹತ್ತಿ ತಲೆ ಮೇಲೆತ್ತಿದಳು. ಎಡಗಣ್ಣಿಗೆ ಯಾರೋ ಪರದೆ ಎಳೆದ ಹಾಗೆ ಕತ್ತಲು ಕವಿಯಿತು. ಆಮೇಲೆ ಎರಡೂ ಕಣ್ಣಿಗೆ. ಬಿದ್ದದ್ದು ಗೊತ್ತಾಗಲಿಲ್ಲ, ಎಚ್ಚರವಾದಾಗ ನೆಲದ ಮೇಲಿದ್ದಳು, ಭುಜ ಉರಿಯುತ್ತಿತ್ತು, ಮೇಲೆ ದೀಪ ಇನ್ನೂ ತೂಗುತ್ತಿತ್ತು. ನೋಟ ಪೂರ್ತಿ ಮರಳಲು ಐದಾರು ನಿಮಿಷ ಹಿಡಿಯಿತು. ಆ ಐದಾರು ನಿಮಿಷ ಅವಳು ಯಾರನ್ನೂ ಬೈಯಲಿಲ್ಲ.

ದೊಡ್ಡ ಸಿಸ್ಟರ್ ಫೋನ್ ಮಾಡಿದ್ದಕ್ಕೆ ಡಾಕ್ಟರಮ್ಮ ಗುರುವಾರವಲ್ಲದಿದ್ದರೂ ಸಂಜೆಗೆ ಬಂದರು. ರಕ್ತದ ವರದಿ ನೋಡಿದರು; ಉರಿಯೂತ ಮತ್ತೆ ಎದ್ದು ಕೂತಿತ್ತು. "ಎಷ್ಟು ಮಾತ್ರೆ ತಗೊಳ್ತಿದ್ರಿ?" ಎಂದರು.

"ಎರಡು."

"ಯಾರು ಹೇಳಿದ್ದು?"

ಸ್ಕ್ರೂ ಅಕ್ಕ ಪೆಟ್ಟಾದ ಭುಜ ತಿಕ್ಕಿಕೊಂಡಳು.

"ಆಪರೇಷನ್ ನಡೀತಿರೋವಾಗ ನಾನು ಒಳಗೆ ನುಗ್ಗಿ, ನೀವು ಸರಿಮಾಡಿಟ್ಟ ಉಸಿರಾಟದ ಮಿಷನ್ನಿನ ಗುಂಡೀನ ನನಗೆ ತೋಚಿದ ಹಾಗೆ ತಿರುಗಿಸಿದ್ರೆ ಏನಂತೀರಿ?"

"ಕೈ ಮುರೀತೀನಿ."

"ನಾನು ಡಾಕ್ಟರು, ಕೈ ಮುರಿಯೋ ಹಾಗಿಲ್ಲ. ಅದಕ್ಕೇ ಹೇಳ್ತಿದ್ದೀನಿ. ಮುಖ ಮತ್ತೆ ತೆಳ್ಳಗಾಗುತ್ತೆ. ಮೆದುಳಿಗೆ ಹೋಗೋ ದಾರಿ ಮುಚ್ಚಿಕೊಂಡ್ರೆ ಅದು ಮತ್ತೆ ತೆರೆಯಲ್ಲ. ಅರ್ಧ ಮೈ ಬಿದ್ದುಹೋಗುತ್ತೆ. ಆಗ ನಿಮ್ಮನ್ನ ಎತ್ತಿ ಕೂರಿಸೋದು ನಿಮ್ಮ ಅತ್ತೆ." ಮಾತ್ರೆ ಮತ್ತೆ ಎಂಟಕ್ಕೆ ಏರಿತು. ಜೊತೆಗೆ ತಿಂಗಳಿಗೊಂದು ದಿನ ಬಂದು ಮಲಗಿ ನಾಳಕ್ಕೆ ಹಾಕಿಸಿಕೊಳ್ಳುವ ಔಷಧಿ. ಸ್ಕ್ರೂ ಅಕ್ಕ ಮನೆಗೆ ಬಂದು ಅತ್ತೆಯ ಮುಂದೆ ಮಾತ್ರೆಯ ಡಬ್ಬಿ ಇಟ್ಟು, "ದಿನಾ ನೀವೇ ಎಣಿಸಿ ಕೊಡಿ," ಎಂದಳು. ಅತ್ತೆ ಕನ್ನಡಕ ಹಾಕಿಕೊಂಡು, ಸೊಸೆಯನ್ನು ಮೇಲಿಂದ ಕೆಳಗೆ ನೋಡಿ, "ಕೊನೆಗೂ ಈ ಮನೇಲಿ ನನ್ನನ್ನ ಕೇಳೋರು ಹುಟ್ಟಿದ್ರು," ಎಂದಳು.

ಆರು ತಿಂಗಳ ಮೇಲೆ ಆಸ್ಪತ್ರೆಯ ಸಭಾಂಗಣದಲ್ಲಿ ಒಂದು ಸೋಮವಾರ 'ಅಪರೂಪದ ಕಾಯಿಲೆಗಳು' ಎಂಬ ಸಭೆ ನಡೆಯಿತು. ಮಾತಾಡುವವರು ಟೈ ಡಾಕ್ಟರು. ಅಂದು ಹೊಸ ಟೈ, ನೀಲಿಯದು. ಗುರುವಾರದ ಡಾಕ್ಟರಮ್ಮನಿಗೆ ಸೋಮವಾರ ಬೇರೆ ಊರಿನ ಆಸ್ಪತ್ರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಸ್ಕ್ರೂ ಅಕ್ಕನಿಗೆ ಎರಡು ಕೆಲಸ ಹೇಳಿದ್ದರು: ಪ್ರೊಜೆಕ್ಟರ್ ಹಚ್ಚುವುದು, ಆಮೇಲೆ ಮುಂದಿನ ಕುರ್ಚಿಯಲ್ಲಿ ರೋಗಿಯಾಗಿ ಕೂರುವುದು.

ಪರದೆಯ ಮೇಲೆ ಅವಳ ರಕ್ತನಾಳಗಳು ಗೋಡೆಯಷ್ಟು ದೊಡ್ಡದಾಗಿ ಬಂದವು. "ಈ ರೋಗಿಯ ವಿಷಯದಲ್ಲಿ," ಎಂದರು ಟೈ ಡಾಕ್ಟರು, "ನಮ್ಮ ವಿಭಾಗಕ್ಕೆ ಆರಂಭದಿಂದಲೂ ಒಂದು ಅನುಮಾನವಿತ್ತು. ಸೂಕ್ಷ್ಮವಾಗಿ ಗಮನಿಸುತ್ತಾ ಬಂದೆವು." ವಿದ್ಯಾರ್ಥಿಗಳು ಬರೆದುಕೊಂಡರು. ಹಿಂದಿನ ಸಾಲಿನಲ್ಲಿ ದೊಡ್ಡ ಸಿಸ್ಟರ್ ಕೆಮ್ಮಿದರು. ಅದು ನೆಗಡಿಯ ಕೆಮ್ಮಲ್ಲ.

ಸ್ಕ್ರೂ ಅಕ್ಕ ಕುರ್ಚಿಯಿಂದ ಎದ್ದಳು. "ಸರ್, ಒಂದು ಸಣ್ಣ ರಿಪೇರಿ ಇದೆ."

"ಪ್ರೊಜೆಕ್ಟರಿಗಾ?"

"ಇಲ್ಲ, ನಿಮ್ಮ ಮಾತಿಗೆ. ಮೊದಲಿಂದ ನಿಮಗೆ ಅನುಮಾನ ಇತ್ತು, ನಿಜ. ಆದ್ರೆ ಅದು ನನ್ನ ತಲೆ ನೆಟ್ಟಗಿದೆಯೋ ಇಲ್ವೋ ಅನ್ನೋ ಅನುಮಾನ." ಚೀಲದಿಂದ ಚಿಕಿತ್ಸಾ ಪುಸ್ತಕ ತೆಗೆದು ಓದಿದಳು. ತಾರೀಖು ಸಮೇತ, ನಾಲ್ಕೂ ಭೇಟಿ. ರಕ್ತಹೀನತೆ. ಕತ್ತಿನ ಸವೆತ. ಟೆನ್ಷನ್. ಟೆನ್ಷನ್, ಮಾತ್ರೆ ಎರಡು. ನಾಲ್ಕು ಸಲವೂ ಬಿಪಿ ನೂರಿಪ್ಪತ್ತು, ಎಂಬತ್ತು. "ಇದು ನನ್ನ ಯಾವ ಕೈಯಿಂದ ಬಂದ ಅಂಕಿ ಅಂತ ಯಾರಾದ್ರೂ ಹೇಳಿದ್ರೆ ಆ ಕೈಯನ್ನ ಜೋಪಾನ ಮಾಡಿ ಇಟ್ಕೊಳ್ತೀನಿ. ನನಗಿರೋ ಎರಡು ಕೈಯಲ್ಲಂತೂ ಬರಲ್ಲ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಟೈ ಡಾಕ್ಟರ ಕೈ ಟೈಯ ಗಂಟಿಗೆ ಹೋಯಿತು.

"ನನ್ನ ಪಾಲೂ ಕೇಳಿ," ಎಂದಳು ಅವಳು. ಇದನ್ನು ಹೇಳುವ ಉದ್ದೇಶ ಮೊದಲು ಅವಳಿಗೆ ಇರಲಿಲ್ಲ. ಎದ್ದು ನಿಂತ ಮೇಲೆ ಬಂದ ಮಾತು. "ನಾನು ಎಂಟು ತಿಂಗಳು ಇದೇ ಕೈಗೆ ಮಿಷನ್ ಕಟ್ಟಿ ಹದಿನೇಳು ಒಳ್ಳೇ ಮಿಷನ್ನುಗಳನ್ನ ರದ್ದು ಮಾಡಿದೆ. ಅವು ನಿಜ ಹೇಳ್ತಿದ್ವು, ನಾನು ಅವಕ್ಕೆ ಬೈತಿದ್ದೆ. ಹಾಗಾಗಿ ಈ ಸರ್ ಮೇಲೆ ಪೂರ್ತಿ ಕೋಪ ಮಾಡ್ಕೊಳ್ಳೋಕೂ ನನಗೆ ಮುಖ ಇಲ್ಲ. ಕಂಡುಹಿಡಿದವರು ಯಾರು ಅಂತ ಬರ್ಕೊಳ್ಳೋದಾದ್ರೆ, ಹಿಂದೆ ಕೂತಿರೋ ಸಿಸ್ಟರು, ಗುರುವಾರ ಪೊರಕೆ ಕೋಣೇಲಿ ಕೂರೋ ಡಾಕ್ಟರಮ್ಮ. ಇವರಿಬ್ಬರೂ ಮಾಡಿದ್ದು ಇಷ್ಟೇ, ಮಣಿಕಟ್ಟು ಹಿಡಿದ್ರು."

"ರೋಗಿಗಳ ಭಾವನೆ ನಮಗೆ ಅರ್ಥ ಆಗುತ್ತೆ," ಎಂದರು ಟೈ ಡಾಕ್ಟರು ನಗುತ್ತ. ಮುಂದಿನ ಚಿತ್ರಕ್ಕೆ ಹೋದರು. ಅವರನ್ನು ಅಲ್ಲಾಡಿಸುವುದು ಭೂಕಂಪಕ್ಕೂ ಆಗದ ಕೆಲಸ. ಆದರೆ ಸಭೆ ಮುಗಿದ ಮೇಲೆ ವಿದ್ಯಾರ್ಥಿಗಳು ಸಾಲಾಗಿ ಬಂದು ಅವಳ ಎರಡೂ ಮಣಿಕಟ್ಟು ಹಿಡಿದು ನೋಡಿದರು. ಒಬ್ಬ ಎಡಗೈಯಲ್ಲಿ ನಾಡಿ ಸಿಕ್ಕಿತೆಂದ. "ಅದು ನಿನ್ನದೇ ಹೆಬ್ಬೆರಳಿನ ನಾಡಿ ಕಣಯ್ಯ, ಹೆಬ್ಬೆರಳಲ್ಲಿ ಹಿಡೀಬಾರದು," ಎಂದು ಹಿಂದಿನಿಂದ ದೊಡ್ಡ ಸಿಸ್ಟರ್ ಗುಡುಗಿದರು.

ಹೊಸ ರೋಗಿಗಳಿಗೆಲ್ಲ ಎರಡೂ ತೋಳಿನ ಬಿಪಿ ನೋಡಬೇಕೆಂದು ಸುತ್ತೋಲೆ ಹೊರಟಿತು. ಒಂದು ತಿಂಗಳು ನೋಡಿದರು. ಆಮೇಲೆ ಮೂರನೇ ಮಹಡಿಯ ವಾರ್ಡು ಬಿಟ್ಟು ಉಳಿದೆಡೆ ನೂರಿಪ್ಪತ್ತು, ಎಂಬತ್ತು ಮರಳಿ ಪಟ್ಟಕ್ಕೆ ಬಂತು.

ಉರಿಯೂತ ಪೂರ್ತಿ ತಣ್ಣಗಾದ ಮೇಲೆ, ಎರಡನೇ ವರ್ಷ, ಮೂತ್ರಪಿಂಡದ ನಾಳವನ್ನು ಒಳಗಿನಿಂದಲೇ ಬಲೂನು ಹಾಕಿ ಹಿಗ್ಗಿಸಿದರು. ಬಿಪಿ ಇಳಿಯಿತು. ಮುಖ ತನ್ನ ಹಳೆಯ ಆಕಾರಕ್ಕೆ ಬಂತು, ಜೊತೆಗೆ ಎರಡು ಹೊಸ ಗೆರೆ ತಂದಿತು. ಎಡಗೈಯ ನಾಡಿ ಮರಳಲಿಲ್ಲ. ಭಾರದ ಕೆಲಸಕ್ಕೆ ಅದು ಒದಗುವುದಿಲ್ಲ. ಅದಕ್ಕೆ ನೆಲಮಾಳಿಗೆಗೆ ಒಬ್ಬ ಸಹಾಯಕಿಯನ್ನು ಕೊಟ್ಟರು. ಅವಳಿಗೆ ಸ್ಕ್ರೂಡ್ರೈವರು ಹಿಡಿಯುವುದು ಬರುವುದಿಲ್ಲವೆಂದು ಸ್ಕ್ರೂ ಅಕ್ಕ ದಿನಾ ಎಲ್ಲರಿಗೂ ಹೇಳುತ್ತಾಳೆ. ತಾನಿಲ್ಲದ ದಿನ ಬೀಗದ ಕೈ ಅವಳ ಹತ್ತಿರವೇ ಬಿಡುತ್ತಾಳೆ.

ಕಳೆದ ಗುರುವಾರ ಡಾಕ್ಟರಮ್ಮ ಹೊಸ ಸ್ಕ್ಯಾನನ್ನು ಹಳೆಯದರ ಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ಗುಣ ಆಯ್ತು ಅಂತ ನಾನು ಹೇಳಲ್ಲ. ಸುಮ್ಮನಿದೆ. ದಿನಕ್ಕೆ ಒಂದು ಮಾತ್ರೆ ಸಾಕು."

"ಸುಮ್ಮನಿರೋರನ್ನ ನಾನು ನಂಬಲ್ಲ ಡಾಕ್ಟ್ರೇ."

"ನಂಬಬೇಡಿ. ಮೂರು ತಿಂಗಳಿಗೆ ಬನ್ನಿ."

ಹೊರಗೆ ಬಂದಾಗ ಸಂಜೆಯ ಬಿಸಿಲಿತ್ತು. ಗಂಡನ ಬಸ್ಸು ಬರುವುದು ಇನ್ನೂ ಇಪ್ಪತ್ತು ನಿಮಿಷ. ಸ್ಕ್ರೂ ಅಕ್ಕ ನಿಲ್ದಾಣದಲ್ಲಿ ಕಾಯಲಿಲ್ಲ. ಮುಂದಿನ ನಿಲ್ದಾಣದತ್ತ, ಏರುದಾರಿಯಲ್ಲಿ, ಎಲ್ಲೂ ನಿಲ್ಲದೆ ನಡೆದುಕೊಂಡು ಹೋದಳು.